ಓ.ಡಿ. ಎಂದರೆ ಬಲಗಣ್ಣೋ, ದಿನಕ್ಕೊಮ್ಮೆಯೋ?

ದಕ್ಷಿಣ ಗೋವಾದ ಕೆಪೆಯಲ್ಲಿ ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಕನ್ನಡ ಕಿವಿಗೆ ಬೀಳುವುದು ಹೊಸತಲ್ಲ. ದುಡಿಮೆಗೆಂದು ಬಂದವರು ಇಲ್ಲೇ ಸಂಸಾರ ಹೂಡಿದ್ದಾರೆ. ಊರಿಂದ ಅವ್ವನನ್ನು ಕರೆಸಿಕೊಂಡು ಕಣ್ಣಿನ ಪೊರೆ ತೆಗೆಸುವವರೂ ಇದ್ದಾರೆ. ಆಪರೇಷನ್ ಆದ ಮೇಲೆ ಕೈಗೆ ಬರುವ ಚೀಟಿ ಕನ್ನಡದ್ದೂ ಅಲ್ಲ, ಕೊಂಕಣಿಯದ್ದೂ ಅಲ್ಲ. ಇಂಗ್ಲಿಷಿನ ನಡುವೆ ತುಂಡು ತುಂಡಾಗಿ ಕೂತಿರುವ ಲ್ಯಾಟಿನ್ ಅದು. ಅಂಥ ಚೀಟಿಯ ಒಂದು ಮಾದರಿ ಇಲ್ಲಿದೆ. ಬಲಗಣ್ಣಿನ ಪೊರೆ ತೆಗೆದಿದೆ, ಎರಡೂ ಕಣ್ಣಿಗೆ ಮೊದಲಿಂದ ಗ್ಲಾಕೋಮಾ ಇದೆ ಎಂದಿಟ್ಟುಕೊಳ್ಳಿ. ಹಳೆಯ ಟೀಕಾಕಾರರ ಹಾಗೆ ಒಂದೊಂದೇ ಸಾಲು ಬಿಡಿಸೋಣ.

ಆರ್.ಎಕ್ಸ್.

ಪೂರ್ಣರೂಪ ರೆಸಿಪೆ; ಅರ್ಥ ‘ತೆಗೆದುಕೋ’. ಹೇಳಿದ್ದು ರೋಗಿಗಲ್ಲ, ಔಷಧ ತಯಾರಿಸುವವನಿಗೆ. ಇಂತಿಂಥ ದ್ರವ್ಯ ಇಷ್ಟಿಷ್ಟು ತೆಗೆದುಕೊಂಡು ಬೆರೆಸು ಎಂಬ ಅಪ್ಪಣೆ. ವೈದ್ಯರು ಔಷಧದವರಿಗೆ ಬರೆದ ಕಾಗದ ಇದು, ರೋಗಿ ಬರೀ ಹೊತ್ತು ತರುವವರು. ಈಗ ಬೆರೆಸುವ ಕೆಲಸ ಕಾರ್ಖಾನೆಗೆ ಹೋಗಿದೆ, ಓದಿಕೊಂಡು ಹನಿ ಹಾಕುವ ಕೆಲಸ ಮಗನಿಗೋ ಸೊಸೆಗೋ ಬಂದಿದೆ. ಕಾಗದದ ಭಾಷೆ ಮಾತ್ರ ಇನ್ನೂ ವೈದ್ಯರ ಮತ್ತು ಔಷಧದವರ ನಡುವಿನದೇ.

ಮಾಕ್ಸಿಫ್ಲಾಕ್ಸಸಿನ್ 0.5%, ಜಿ.ಟಿ.ಟಿ. 1, ಓ.ಡಿ., ಕ್ಯೂ.ಐ.ಡಿ. × 2/52

ಸೋಂಕು ತಗಲದಿರಲೆಂದು ಕೊಡುವ ಹನಿ. ‘ಗುತ್ತಾ’ ಎಂದರೆ ಹನಿ, ‘ಗುತ್ತೇ’ ಬಹುವಚನ. ಹಳೆಯ ಕಟ್ಟುನಿಟ್ಟಿನಲ್ಲಿ ಒಂದು ‘ಟಿ’ ಬರೆದರೆ ಒಂದು ಹನಿ, ಎರಡು ‘ಟಿ’ ಬರೆದರೆ ಹಲವು. ಹಾಗಾಗಿ ‘ಜಿ.ಟಿ.ಟಿ. 1’ ವ್ಯಾಕರಣಕ್ಕೆ ತಪ್ಪು, ಕಣ್ಣಿಗೇನೂ ತೊಂದರೆಯಿಲ್ಲ. ಒಂದು ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿಯಬೇಕು. ಬಾಟಲಿಯಿಂದ ಬೀಳುವ ಹನಿ 50 ಮೈಕ್ರೋಲೀಟರಿನವರೆಗೂ ಇರುತ್ತದೆ, ಕಣ್ಣು ಹಿಡಿದಿಟ್ಟುಕೊಳ್ಳುವುದು ಸುಮಾರು 30. ಎರಡನೆಯ ಹನಿ ಕೆನ್ನೆಯ ಪಾಲು. ಬೇರೆ ಔಷಧ ಹಾಕುವುದಿದ್ದರೆ ಐದು ನಿಮಿಷ ತಡೆಯಬೇಕು, ಇಲ್ಲವಾದರೆ ಮೊದಲಿನದನ್ನು ಎರಡನೆಯದು ತೊಳೆದು ಹಾಕುತ್ತದೆ.

ಕ್ಯೂ.ಐ.ಡಿ., ಅಂದರೆ ‘ಕ್ವಾಟೆರ್ ಇನ್ ದಿಯೆ’: ದಿನಕ್ಕೆ ನಾಲ್ಕು ಸಲ. ಕೊನೆಯಲ್ಲಿರುವ ಭಿನ್ನರಾಶಿ ಲ್ಯಾಟಿನ್ನೂ ಅಲ್ಲ, ಗಣಿತವೂ ಅಲ್ಲ. ವರ್ಷದ 52 ವಾರಗಳಲ್ಲಿ 2 ಎಂದು ಸೂಚಿಸುವ ಬ್ರಿಟಿಷ್ ರೂಢಿ. 5/7 ಇದ್ದರೆ ಐದು ದಿನ, 3/12 ಇದ್ದರೆ ಮೂರು ತಿಂಗಳು.

ಓ.ಡಿ. ಇಲ್ಲಿ ‘ಓಕುಲುಸ್ ದೆಕ್ಸ್ಟೆರ್’, ಬಲಗಣ್ಣು. ಓ.ಎಸ್. ‘ಓಕುಲುಸ್ ಸಿನಿಸ್ಟೆರ್’, ಎಡಗಣ್ಣು. ಎಡಬಲ ಯಾವಾಗಲೂ ರೋಗಿಯದು, ಎದುರಿಗೆ ಕೂತು ಹನಿ ಹಾಕುವವರದಲ್ಲ.

ಕೆಪೆಗೆ ಲ್ಯಾಟಿನ್ ಪರಕೀಯವೇನಲ್ಲ. ಕುಶಾವತಿ ನದಿಯ ದಡದಲ್ಲಿ ಡೀನ್ ಜೋಸೆ ಪಾವ್ಲು ಅವರು 1787ರಲ್ಲಿ ಕಟ್ಟಿಸಿದ ಅರಮನೆಯ ಎದುರಿಗೇ ಇಗರ್ಜಿ ಇದೆ. 1960ರ ದಶಕದ ಸುಧಾರಣೆ ಬರುವ ತನಕ ಗೋವಾದ ಇಗರ್ಜಿಗಳಲ್ಲಿ ಪೂಜೆಯ ಭಾಷೆ ಲ್ಯಾಟಿನ್ನೇ. ಇನ್ನು ಪಣಜಿಯಲ್ಲಿ 1842ರಲ್ಲಿ ಶುರುವಾದ ವೈದ್ಯಶಾಲೆ ಕಲಿಸಿದ್ದು ಲ್ಯಾಟಿನ್ನಿನ ಮಗಳು ಪೋರ್ಚುಗೀಸಿನಲ್ಲಿ. ಪೋರ್ಚುಗೀಸ್ ವೈದ್ಯರ ರೂಢಿಯಲ್ಲಿಯೂ ಬಲಗಣ್ಣು ಓ.ಡಿ.ಯೇ: ‘ಓಲ್ಯು ದಿರೈತು’. ಎಡಗಣ್ಣು ಮಾತ್ರ ಓ.ಇ., ಎರಡೂ ಕಣ್ಣು ಎ.ಓ. ಒಂದು ಕಣ್ಣಿಗೆ ತಾಯಿ ಮಗಳು ಒಂದೇ ಹೆಸರು ಹಿಡಿದರು, ಇನ್ನೊಂದಕ್ಕೆ ಬೇರೆಯಾದರು.

ಪ್ರೆಡ್ನಿಸೊಲೋನ್ ಅಸಿಟೇಟ್ 1%, ಓ.ಡಿ., 6–5–4–3–ಬಿ.ಡಿ.–ಓ.ಡಿ., ವಾರಕ್ಕೊಂದರಂತೆ

ನನ್ನ ಮಟ್ಟಿಗೆ ಚೀಟಿಯ ಅತಿ ಅಪಾಯದ ಸಾಲು ಇದೇ. ಉರಿಯೂತ ಇಳಿಸುವ ಸ್ಟಿರಾಯ್ಡ್. ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರ ವಾರ ಒಂದೊಂದು ಕಡಿಮೆ. ತಟ್ಟನೆ ನಿಲ್ಲಿಸಿದರೆ ಉರಿಯೂತ ಮರುಕಳಿಸಬಹುದು, ಹೇಳಿದ್ದಕ್ಕಿಂತ ಹೆಚ್ಚು ದಿನ ಹಾಕಿದರೆ ಕಣ್ಣಿನ ಒತ್ತಡ ಏರಬಹುದು. ಗ್ಲಾಕೋಮಾ ಇರುವವರಿಗಂತೂ ಈ ಲೆಕ್ಕ ತಪ್ಪಬಾರದು. ಔಷಧದ ಪುಡಿ ತಳಕ್ಕೆ ಕೂರುವುದರಿಂದ ಬಾಟಲಿಯನ್ನು ಚೆನ್ನಾಗಿ ಕುಲುಕಿಯೇ ಹಾಕಬೇಕು.

ಸಾಲಿನಲ್ಲಿ ಓ.ಡಿ. ಎರಡು ಸಲ ಬಂದಿರುವುದನ್ನು ಗಮನಿಸಿ. ಮೊದಲನೆಯದು ಬಲಗಣ್ಣು. ಕೊನೆಯದು ದಿನಕ್ಕೊಮ್ಮೆ: ಲ್ಯಾಟಿನ್ನಿನ ‘ಓಮ್ನಿ ದಿಯೆ’, ಪ್ರತಿದಿನ. ನಮ್ಮ ದೇಶದಲ್ಲಿ ಬಿ.ಪಿ. ಮಾತ್ರೆಯಿಂದ ವಿಟಮಿನ್‌ವರೆಗೆ ಎಲ್ಲ ಚೀಟಿಯಲ್ಲೂ ಓ.ಡಿ. ಎಂದರೆ ಈ ಎರಡನೆಯ ಅರ್ಥವೇ. ಕಣ್ಣಿನ ವಿಭಾಗದಲ್ಲಿ ಮಾತ್ರ ಮೊದಲನೆಯದು. ದಿನವಿಡೀ ಸಕ್ಕರೆ, ಬಿ.ಪಿ. ಚೀಟಿ ಓದುವ ಅಂಗಡಿಯವರು ‘ಓ.ಡಿ., 6’ ಎಂಬುದರ ಮುಂದೆ ತಡವರಿಸಿದರೆ ಆಶ್ಚರ್ಯವಿಲ್ಲ.

ಕೈಬರಹ ಸೇರಿದರೆ ಇನ್ನಷ್ಟು ಗೋಜಲು. ಕಿವಿಗೂ ಇದೇ ಜಾಡಿನ ಗುರುತುಗಳಿವೆ: ಬಲಗಿವಿ ಎ.ಡಿ., ಎಡಗಿವಿ ಎ.ಎಸ್. ಇಂಗ್ಲಿಷಿನ ‘ಎ’ ತುಸು ದುಂಡಗಾದರೆ ಸಾಕು, ಕಿವಿಗೆ ಹೋಗಬೇಕಾದದ್ದು ಕಣ್ಣಿಗೆ ಬೀಳುತ್ತದೆ. ಔಷಧದ ತಪ್ಪುಗಳನ್ನು ಅಧ್ಯಯನ ಮಾಡುವ ಅಮೆರಿಕದ ಐ.ಎಸ್.ಎಂ.ಪಿ. ಸಂಸ್ಥೆ ಈ ಗುರುತುಗಳನ್ನೆಲ್ಲ ತಪ್ಪಿಗೆ ಎಡೆಕೊಡುವಂಥವುಗಳ ಪಟ್ಟಿಯಲ್ಲಿ ಇಟ್ಟಿದೆ, ‘ಬಲಗಣ್ಣು’ ಎಂದು ಪೂರ್ತಿ ಬರೆಯಿರಿ ಎನ್ನುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿ, ಔಷಧದ ಹೆಸರು ಓದಲು ಬರುವಂತಿರಲಿ, ಆದಷ್ಟೂ ದೊಡ್ಡಕ್ಷರದಲ್ಲಿರಲಿ ಎಂದಿತು. ದೊಡ್ಡಕ್ಷರದಲ್ಲಿ ಬರೆದ ಓ.ಡಿ.ಗೂ ಎರಡೇ ಅರ್ಥ.

ನಮ್ಮಲ್ಲಿ ಹಲವು ಕಣ್ಣಿನ ವೈದ್ಯರು ಲ್ಯಾಟಿನ್ ಕೈಬಿಟ್ಟು ಇಂಗ್ಲಿಷಿನ ಆರ್.ಇ., ಎಲ್.ಇ. ಎಂದು ಬರೆಯುತ್ತಾರೆ. ಒಳ್ಳೆಯದೇ. ಅದಕ್ಕಿಂತ ಒಳ್ಳೆಯದು ಅಂಗಡಿಯ ಕಟ್ಟೆಯ ಮೇಲೇ ಇತ್ಯರ್ಥ ಮಾಡಿಕೊಳ್ಳುವುದು. ‘ಯಾವ ಕಣ್ಣಿಗ್ರೀ ಅಣ್ಣಾರ?’ ಎಂದು ಕೇಳಿ. ಉತ್ತರ ಕೊಂಕಣಿಯಲ್ಲಿ ಬಂದರೆ, ‘ಉಜವೊ ದೊಳೊ’ ಎಂದರೆ ಬಲಗಣ್ಣು, ‘ದಾವೊ’ ಎಂದರೆ ಎಡ. ಬಾಲ್‌ಪೆನ್ನಿನಲ್ಲಿ ರಟ್ಟಿನ ಡಬ್ಬಿಯ ಮೇಲೆ ‘ಬಲ’ ಎಂದು ಬರೆದು, ಎಷ್ಟು ಸಲವೋ ಅಷ್ಟು ಗೆರೆ ಎಳೆದುಕೊಳ್ಳಿ. ವಾರ ಕಳೆದಂತೆ ಒಂದೊಂದು ಗೆರೆ ಹೊಡೆದು ಹಾಕಿದರೆ ಅಕ್ಷರ ಬಾರದ ಅವ್ವನಿಗೂ ಲೆಕ್ಕ ಸಿಗುತ್ತದೆ.

ಟಿಮೊಲೋಲ್ 0.5%, ಓ.ಯು., ಬಿ.ಡಿ.

ಗ್ಲಾಕೋಮಾಕ್ಕೆ ಕೊಡುವ ಹನಿ. ಓ.ಯು. ‘ಓಕುಲುಸ್ ಉತೆರ್ಕ್ವೆ’, ಎರಡೂ ಕಣ್ಣು. ಬಿ.ಡಿ. ‘ಬಿಸ್ ದಿಯೆ’, ದಿನಕ್ಕೆ ಎರಡು ಸಲ. ಮಾತ್ರೆಯ ಚೀಟಿಯಾಗಿದ್ದರೆ 1-0-1 ಎಂದು ಬರೆದು ಮುಗಿಸುತ್ತಿದ್ದರು, ಆ ನಮ್ಮ ರೂಢಿಯೇ ಎಷ್ಟೋ ವಾಸಿ. ಕಣ್ಣಿಗೆ ಹಾಕಿದ್ದು ಮೂಗಿನ ದಾರಿಯಿಂದ ಇಳಿದು ರಕ್ತಕ್ಕೂ ಸೇರುತ್ತದೆ. ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ ಎನ್ನುವುದು ಅದಕ್ಕೇ. ಆದರೆ ಪೊರೆ ತೆಗೆದ ಹೊಸತರಲ್ಲಿ ಆ ಕಣ್ಣಿಗೆ ಹೀಗೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿಯೇ ಮಾಡಿ. ಅಸ್ತಮಾ ಇದ್ದರೆ ಈ ಔಷಧ ಬರೆಯುವ ಮೊದಲೇ ಹೇಳಬೇಕು.

ಉಂಗ್., ಓ.ಡಿ., ಎಚ್.ಎಸ್.

‘ಉಂಗ್ವೆಂತುಮ್’, ಮುಲಾಮು. ‘ಹೋರಾ ಸೊಮ್ನಿ’, ಮಲಗುವ ಹೊತ್ತು. ನಮ್ಮ ಪಂಚಾಂಗದ ಹೋರೆಗೂ ಈ ‘ಹೋರಾ’ಕ್ಕೂ ಗ್ರೀಕ್ ಮೂಲ ಒಂದೇ. ಮುಲಾಮು ಹಾಕಿದ ಮೇಲೆ ಸ್ವಲ್ಪ ಹೊತ್ತು ಎಲ್ಲ ಮಂಜು, ಅದಕ್ಕೇ ರಾತ್ರಿ. ಹನಿಗಳೆಲ್ಲ ಮುಗಿದ ಮೇಲೆ ಕೊನೆಗೆ ಇದು.

ಪ್ಯಾರಾಸಿಟಮಾಲ್ 500 ಮಿ.ಗ್ರಾಂ., ಎಸ್.ಓ.ಎಸ್.

ಮುಳುಗುವ ಹಡಗಿನ ಕರೆಯಲ್ಲ. ‘ಸಿ ಓಪುಸ್ ಸಿತ್’, ಬೇಕೆನಿಸಿದರೆ ಮಾತ್ರ. ಸಣ್ಣ ನೋವಿಗೆ ಒಂದು ಮಾತ್ರೆ, ನೋವಿಲ್ಲದಿದ್ದರೆ ಬೇಡ. ನೋವು ಜೋರಾಗಿ, ಕಣ್ಣು ಕೆಂಪೇರಿ, ನಿನ್ನೆ ಕಂಡದ್ದು ಇವತ್ತು ಕಾಣದೆ ಹೋದರೆ ಈ ಸಾಲು ಅನ್ವಯಿಸುವುದಿಲ್ಲ. ರಾತ್ರಿಯಾಗಿದ್ದರೂ ಸರಿ, ಗಾಡಿ ಮಾಡಿಕೊಂಡು ಮಡಗಾಂವಿನ ಆಸ್ಪತ್ರೆಗೆ ಹೊರಡಬೇಕು, ಚೀಟಿ ಜೊತೆಯಲ್ಲಿರಲಿ.