ಆಟ ಕೆಳಗಿದೆ, ಮೇಲೆ ಬಿಗಿಯಬೇಡಿ

ಗಗನಚುಕ್ಕಿ, ಭರಚುಕ್ಕಿ ತುಂಬಿ ಧುಮುಕುತ್ತಿವೆ ಎಂಬ ಸುದ್ದಿ ಹರಡಿದ ವಾರ ಮಳವಳ್ಳಿ–ಕೊಳ್ಳೇಗಾಲ ರಸ್ತೆಗೆ ಹಳೆ ಕಾರುಗಳೂ ಇಳಿಯುತ್ತವೆ. ಕೆಎ 11 ನಂಬರಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಬಣ್ಣ ಮಾಸಿದ ಮಾರುತಿ 800. ಪಕ್ಕದಲ್ಲಿ ಹಾದುಹೋಗುವಾಗ ಚಾಲಕರ ಕೈ ಗಮನಿಸಿ. ರಸ್ತೆ ನೇರವಾಗಿದ್ದರೂ ಕೈ ಮಾತ್ರ ಗರಗಸ ಎಳೆದಂತೆ ಆಚೀಚೆ ಆಡುತ್ತಲೇ ಇರುತ್ತದೆ. ಹಳೆ ಗಾಡಿ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ಎಷ್ಟೋ ಮಂದಿ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಅಂಬಾಸಿಡರ್‌ಗೆ ಇರುವುದು ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್. ಮೂಲ ಮಾರಿಸ್ ಆಕ್ಸ್‌ಫರ್ಡ್‌ನಿಂದಲೇ ಬಂದ ಅಚ್ಚುಕಟ್ಟಾದ ವ್ಯವಸ್ಥೆ ಅದು. ಸರಿಯಾಗಿ ಇಟ್ಟುಕೊಂಡರೆ ಕೈ ಹಗುರಾಗಿಟ್ಟರೂ ನೇರ ಹೋಗುತ್ತದೆ.

ಈ ಕಡೆಯ ಗ್ಯಾರೇಜುಗಳಲ್ಲಿ "ಸ್ಟೇರಿಂಗು ವಸಿ ಆಟ ಆಡ್ತದೆ ಕಣಣ್ಣ" ಎಂದರೆ ಹಲವು ಕಡೆ ಮೊದಲು ಕೈ ಹೋಗುವುದು ಸ್ಟೀರಿಂಗ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂಗೆ. ಪದ್ಮಿನಿ, ಜೀಪುಗಳಲ್ಲಿ ಇದು ದೊಡ್ಡ ಅಪಾಯ. ಗಾಡಿ ಹೆಚ್ಚು ಹೊತ್ತು ಓಡುವುದು ನೇರವಾಗಿ, ಹಾಗಾಗಿ ಬಾಕ್ಸಿನೊಳಗಿನ ಹಲ್ಲು ಸವೆಯುವುದೂ ನಡುಭಾಗದಲ್ಲೇ. ಆ ಸವೆದ ಜಾಗಕ್ಕೆ ಸರಿಹೊಂದುವಂತೆ ಬಿಗಿದರೆ ಸವೆಯದ ಎರಡು ಬದಿಗಳಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ. ಇಷ್ಟಾಗಿಯೂ ನಿಜವಾದ ದೋಷ ಕೆಳಗೆ ಯಾವುದೋ ಜಾಯಿಂಟಿನಲ್ಲಿ ಹಾಗೇ ಉಳಿದಿರುತ್ತದೆ. ಸ್ಕ್ರೂ ಮುಟ್ಟುವುದು ಕಟ್ಟಕಡೆಯ ಕೆಲಸ.

ಎಷ್ಟು ಆಟ, ಅಂದರೆ ಸ್ಟೀರಿಂಗಿನ ಖಾಲಿ ತಿರುಗಾಟ, ಇರಬಹುದು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿ ಮೀರಬಾರದು ಎನ್ನುತ್ತದೆ. 40 ಸೆಂ.ಮೀ. ಅಗಲದ ಚಕ್ರದ ಅಂಚಿನಲ್ಲಿ ಅದು ಹತ್ತು ಸೆಂ.ಮೀ.ಗಿಂತ ಹೆಚ್ಚಾಯಿತು! ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಅದು ಸಾಕಾಗಬಹುದು, ನನಗೆ ಸಾಲದು. ರ‍್ಯಾಕ್ ಇರುವ ಕಾರಿನಲ್ಲಿ ಅಂಚು ಎರಡು ಸೆಂ.ಮೀ. ಖಾಲಿ ತಿರುಗಿದರೂ ನಾನು ಕೆಳಗೆ ಇಣುಕುತ್ತೇನೆ. 1902ರಿಂದ ಇದೇ ಜಲಪಾತಗಳಿರುವ ಶಿವನಸಮುದ್ರದ ವಿದ್ಯುದಾಗಾರದಲ್ಲಿ ಟರ್ಬೈನುಗಳು ತಿರುಗುತ್ತಿವೆ. ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದನ್ನು ಅಳೆದು ನೋಡುವ ಕೆಲಸ ಇಷ್ಟು ಹಳೆಯದಾದ ಸೀಮೆಯಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡುವ ಕಾರಿನ ಸಂದನ್ನೂ ಅಳೆಯಬೇಕಲ್ಲವೇ?

ಪರೀಕ್ಷೆಗೆ ಬೇಕಾಗಿರುವುದು ಸಮತಟ್ಟಾದ ಜಾಗ ಮತ್ತು ಇಬ್ಬರು. ಮೊದಲು ಟೈರುಗಳ ಗಾಳಿ ನೋಡಿ. ಒಂದರಲ್ಲಿ ಕಡಿಮೆಯಿದ್ದರೂ ಗಾಡಿ ತೇಲುತ್ತದೆ, ಆ ತಪ್ಪು ಸ್ಟೀರಿಂಗಿನ ತಲೆಗೆ ಬರುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಆಟ ಇರುವಷ್ಟೇ ದೂರ ಆಚೀಚೆ ಅಲ್ಲಾಡಿಸಲಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಬೇಕು, ಕೆಳಗಿರುವವರು ಬೆಲ್ಟಿನಿಂದ ಕೈ ದೂರ ಇಡಬೇಕು. ಇನ್ನೊಬ್ಬರು ಒಂದೊಂದು ಜಾಯಿಂಟಿನ ಮೇಲೂ ಬೆರಳಿಡುತ್ತ ಹೋಗಲಿ, ಎರಡು ಭಾಗಕ್ಕೂ ತಾಗುವಂತೆ. ಒಂದು ಭಾಗ ಕದಲಿ ಇನ್ನೊಂದು ತಡವಾಗಿ ಕದಲಿದರೆ ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ; ಕಣ್ಣಿಗಿಂತ ಬೆರಳು ಮೇಲು. ಟೈರಾಡ್ ಎಂಡುಗಳಿಂದ ಶುರುಮಾಡಿ. ಅಂಬಾಸಿಡರ್, ಮಾರುತಿಗಳಲ್ಲಿ ರ‍್ಯಾಕಿನ ಎರಡೂ ತುದಿಯ ರಬ್ಬರ್ ಬೂಟನ್ನು ಅದುಮಿ ಒಳಗಿನ ಬಾಲ್ ಜಾಯಿಂಟನ್ನೂ ಮುಟ್ಟಿ ನೋಡಿ. ರ‍್ಯಾಕನ್ನು ಹಿಡಿದಿರುವ ಕ್ಲಾಂಪು ಸಡಿಲವಾಗಿದ್ದರೆ ಇಡೀ ರ‍್ಯಾಕೇ ಜರುಗುತ್ತದೆ. ಅದಕ್ಕೆ ಹೊಸ ರ‍್ಯಾಕ್ ಬೇಡ, ಕ್ಲಾಂಪು ಸರಿಮಾಡಿದರೆ ಸಾಕು. ಪದ್ಮಿನಿಯಲ್ಲಿ ಬಾಕ್ಸಿನ ಎದುರು ಬದಿಯ ಐಡ್ಲರ್ ಆರ್ಮ್ ಮರೆಯಬೇಡಿ. ಅದರ ಬುಷ್ ಸವೆದದ್ದಕ್ಕೆ ಬಾಕ್ಸನ್ನೇ ಬಿಚ್ಚಿಹಾಕುವುದುಂಟು.

ಇಷ್ಟಾದ ಮೇಲೆ ಜಾಕ್. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಿ. ಮುಂದಿನ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿ. ಅಲುಗಾಟ ಕಂಡರೆ ಒಳಗಿರುವವರು ಬ್ರೇಕ್ ತುಳಿಯಲಿ. ಆಗ ಅಲುಗಾಟ ನಿಂತರೆ ಅದು ವೀಲ್ ಬೇರಿಂಗ್. ಬ್ರೇಕ್ ತುಳಿದರೂ ನಿಲ್ಲದಿದ್ದರೆ ಹಳೆ ಗಾಡಿಗಳಲ್ಲಿ ಕಿಂಗ್‌ಪಿನ್, ಹೊಸದರಲ್ಲಿ ಬಾಲ್ ಜಾಯಿಂಟ್. ಗ್ರೀಸ್ ನಿಪ್ಪಲ್‌ಗೆ ಕೆಸರು ಮೆತ್ತಿಕೊಂಡು ಗ್ರೀಸ್ ಒಳಗೆ ಹೋಗದೇ ಕಿಂಗ್‌ಪಿನ್ ಒಣಗಿ ಸವೆದಿರುತ್ತದೆ.

ಮುಂದೆ ಎಲ್ಲ ಗಟ್ಟಿಯಾಗಿದ್ದೂ ಗಾಡಿ ತೇಲಿದರೆ? ಹಿಂದಕ್ಕೆ ಹೋಗಿ. ಈ ಮಾತನ್ನು ಒತ್ತಿ ಹೇಳುತ್ತೇನೆ. ಅಂಬಾಸಿಡರ್‌ನ ಹಿಂದಿನ ಆಕ್ಸೆಲ್ ಅನ್ನು ಅದರ ಜಾಗದಲ್ಲಿ ಹಿಡಿದಿರುವುದು ಲೀಫ್ ಸ್ಪ್ರಿಂಗುಗಳೇ. ಅವುಗಳ ಬುಷ್ ಸವೆದು ಯು ಬೋಲ್ಟ್ ಸಡಿಲಾದರೆ ಆಕ್ಸೆಲ್ ಓರೆಯಾಗಿ, ಹಿಂದಿನ ಚಕ್ರಗಳೇ ಗಾಡಿಯನ್ನು ತಿರುಗಿಸತೊಡಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಇದನ್ನು ನೋಡಬೇಕು. ಎದುರಿಗೆ ಜಲ್ಲೆ ಹೊರಚಾಚಿದ ಟ್ರ್ಯಾಕ್ಟರ್ ಬರುತ್ತದೆ, ನೀವು ಎಡ ಚಕ್ರಗಳನ್ನು ಡಾಂಬರಿನಿಂದ ಮಣ್ಣಿಗೆ ಇಳಿಸುತ್ತೀರಿ, ಮತ್ತೆ ಮೇಲೆ ಹತ್ತುತ್ತೀರಿ. ಮುಂದಿನ ಚಕ್ರ ಹತ್ತಿದಾಗ ಏನೂ ಆಗದೆ, ಹಿಂದಿನದು ಹತ್ತಿದ ಕ್ಷಣ ಕಾರು ಪಕ್ಕಕ್ಕೆ ಸರಿದಂತಾದರೆ ಹಣವನ್ನು ರ‍್ಯಾಕಿಗೆ ಸುರಿಯಬೇಡಿ. ಆ ಬುಷ್‌ಗಳ ಬೆಲೆ ರ‍್ಯಾಕಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಈಗ ಅಂಗಡಿಯಲ್ಲಿ ಸಿಗುವ ಟೈರಾಡ್ ಎಂಡುಗಳಲ್ಲಿ ಎಲ್ಲವೂ ಒಂದೇ ಗುಣಮಟ್ಟದವಲ್ಲ. ಕೊಳ್ಳುವ ಮುಂಚೆ ಬಾಲನ್ನು ಕೈಯಲ್ಲಿ ತಿರುಗಿಸಿ: ಬಿಗುವಾಗಿ, ಎಲ್ಲ ದಿಕ್ಕಿಗೂ ಒಂದೇ ಸಮ ತಿರುಗಬೇಕು. ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತಿನಲ್ಲಿ ಕಳಚಿತು ಎಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಅಲೈನ್‌ಮೆಂಟ್ ಅಂಗಡಿ ತನಕ ಗಾಡಿ ಹೆಚ್ಚುಕಡಿಮೆ ನೇರ ಹೋಗುತ್ತದೆ. ಅಲೈನ್‌ಮೆಂಟನ್ನು ಮಾತ್ರ ಅದೇ ದಿನ ಮಾಡಿಸಿ. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟುಗಳು ಲಾಕ್ ಆಗಿರಬೇಕು ಎಂದು ಅದೇ 98ನೇ ನಿಯಮ ಹೇಳುತ್ತದೆ. ಗಾಡಿ ಇಳಿಸುವ ಮುನ್ನ ನೀವೇ ಬಗ್ಗಿ ನೋಡಿ. ನಟ್ಟಿನ ಸ್ಪ್ಲಿಟ್ ಪಿನ್ ಹೊಸದಾಗಿರಲಿ, ಬಿಚ್ಚಿದ ಹಳೇ ಪಿನ್ನನ್ನು ನೆಟ್ಟಗೆ ಬಡಿದು ಮತ್ತೆ ತೂರಿಸಲು ಬಿಡಬೇಡಿ.