ಕಡಪ ಕಲ್ಲಿನ ಅಡುಗೆಮನೆಗೆ ಬೆಂಗಳೂರಿನ ಬಾಕ್ಸ್ ಬೇಕೇ?

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆ ಈಗ ಏಳುತ್ತಿರುವ ಎಷ್ಟೋ ಹೊಸ ಮನೆಗಳಲ್ಲಿ ಅಡುಗೆಮನೆ ಎರಡಿರುತ್ತವೆ. ಒಳಗಿನದರಲ್ಲಿ ಹೊಳೆಯುವ ಲ್ಯಾಮಿನೇಟ್, ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರ್, ನೆತ್ತಿಯ ಮೇಲೆ ಚಿಮಣಿ. ಹಿತ್ತಿಲಲ್ಲಿ ಶೀಟು ಇಳಿಸಿದ ಜಾಗದಲ್ಲಿ ಒಂದು ಒಲೆ, ಒಂದು ಹಳೆಯ ಚಪ್ಪಡಿ, ಮೂಲೆಗೆ ಒರಗಿಸಿದ ಮುದ್ದೆ ಕೋಲು. ಗೃಹಪ್ರವೇಶಕ್ಕೆ ಬಂದ ನೆಂಟರಿಗೆ ತೋರಿಸುವುದು ಒಳಗಿನದನ್ನು. ಮುದ್ದೆ ತೊಳಸುವುದು, ರೊಟ್ಟಿ ಬಡಿಯುವುದು, ಮೀನು ಹುರಿಯುವುದು ಹಿತ್ತಿಲಲ್ಲಿ. ಸಾಲ ಮಾಡಿ ಕೂರಿಸಿದ ಅಡುಗೆಮನೆಯಲ್ಲಿ ಕಾಫಿ ಬಿಟ್ಟು ಬೇರೇನೂ ಬೇಯುವುದಿಲ್ಲ ಎಂದಾದರೆ ದೋಷ ಅಡುಗೆ ಮಾಡುವವರದಲ್ಲ, ಕೊಂಡ ವಸ್ತುವಿನದು. ಮಾಡ್ಯುಲರ್ ಕಿಚನ್ ಎಂಬ ಈ ಪದ್ಧತಿಯನ್ನು ನಮ್ಮ ಈ ಊರುಗಳ ಮಟ್ಟಿಗಾದರೂ ಒಮ್ಮೆ ತೂಗಿ ನೋಡಬೇಕಾಗಿದೆ.

ಇದರ ಹುಟ್ಟು ಇಕ್ಕಟ್ಟಿನಲ್ಲಿ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಮನೆಗಳಿಗೆ ತೀವ್ರ ಅಭಾವವಿತ್ತು. ಅಲ್ಲಿನ ಕಾರ್ಮಿಕರ ವಸತಿಗಾಗಿ 1926ರಲ್ಲಿ ಮಾರ್ಗರೇಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಸುಮಾರು 6 ಅಡಿ ಅಗಲ, 11 ಅಡಿ ಉದ್ದದ ಒಂದು ಅಡುಗೆಮನೆ ರೂಪಿಸಿದರು. ಗೋಡೆಗೆ ಒತ್ತಿದ ಕಪಾಟು, ಹೆಸರು ಬರೆದ ಡಬ್ಬಿಗಳು, ನಿಂತಲ್ಲಿಂದಲೇ ಕೈಗೆ ಸಿಗುವ ಪಾತ್ರೆ. ಹತ್ತಿರ ಹತ್ತಿರ 10,000 ಮನೆಗಳಲ್ಲಿ ಅದನ್ನು ಅಳವಡಿಸಿದರು. ಜಾಗವೇ ಇಲ್ಲದವರಿಗೆ ಅದು ದೊಡ್ಡ ಉಪಕಾರ. ಬೆಂಗಳೂರಿನ ಫ್ಲ್ಯಾಟಿಗೂ ಅದೇ ತರ್ಕ ಹೊಂದುತ್ತದೆ. ಆದರೆ ಹತ್ತಡಿಗೆ ಹನ್ನೆರಡಡಿ ಅಡುಗೆಮನೆ, ಪಕ್ಕದಲ್ಲೊಂದು ಉಗ್ರಾಣ, ಹಿಂದೆ ಹಿತ್ತಿಲು ಇರುವ ಮನೆಗೆ ಜಾಗ ಉಳಿಸುವ ಯಂತ್ರಾಂಗ ಯಾಕೆ? ನಮಗೆ ಕೊರತೆ ಇರುವುದು ಜಾಗದ್ದಲ್ಲ, ದುಡ್ಡಿನದು.

ದುಡ್ಡಿನ ಲೆಕ್ಕ ನೋಡೋಣ. ನಮ್ಮ ಕಡೆ ಗಾರೆ ಮೇಸ್ತ್ರಿ ಅಡುಗೆಮನೆ ಕಟ್ಟುವ ರೀತಿ ಎಲ್ಲರಿಗೂ ಗೊತ್ತು. ಎರಡಡಿಗೊಂದರಂತೆ ಕಡಪ ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ನಡುವೆ ಅಡ್ಡ ಕಲ್ಲು ಕೂರಿಸಿ, ಮೇಲೆ ಗ್ರಾನೈಟ್ ಹಾಸುತ್ತಾನೆ. ಅಲ್ಲಿಗೆ ಖಾನೆಗಳು ಸಿದ್ಧವಾದವು. ಹತ್ತಡಿ ಉದ್ದದ ಇಂಥ ಕಟ್ಟೆಗೆ ಬೇಕಾದದ್ದು ಬಾಗಿಲು ಮಾತ್ರ. ಎರಡೂಕಾಲು ಅಡಿ ಎತ್ತರದ ಬಾಗಿಲೆಂದರೆ ಇಪ್ಪತ್ತೆರಡೂವರೆ ಚದರಡಿ. ಎಂಟಕ್ಕೆ ನಾಲ್ಕಡಿಯ ಒಂದು ಪ್ಲೈವುಡ್ ಹಾಳೆ 32 ಚದರಡಿ, ಕತ್ತರಿಸುವಾಗ ಹಾಳಾಗುವುದನ್ನು ಕಳೆದರೂ ಒಂದೇ ಹಾಳೆ ಸಾಕು. ಅದೇ ಕಟ್ಟೆಯಡಿ ಕಂಪನಿಯವರ ಬಾಕ್ಸ್ ಕೂರಿಸಿದರೆ ಎರಡಡಿಯ ಐದು ಬಾಕ್ಸ್ ಬೇಕು. ಒಂದೊಂದಕ್ಕೂ ಎರಡು ಪಕ್ಕ, ಒಂದು ತಳ, ಒಂದು ನಡುಹಲಗೆ. ಬಾಗಿಲು, ಹಿಂಬದಿ ಬಿಟ್ಟೇ 78 ಚದರಡಿ ದಾಟುತ್ತದೆ, ಅಂದರೆ ಇನ್ನೂ ಮೂರು ಹಾಳೆ. ಕಲ್ಲು ಮಾಡುವ ಕೆಲಸಕ್ಕೆ ಮೂರು ಹಾಳೆ ಮರ, ಅದರ ಮೇಲೆ ಲ್ಯಾಮಿನೇಟ್, ಅಂಚುಪಟ್ಟಿ, ಕೂಲಿ. ಕಲ್ಲನ್ನು ಗೆದ್ದಲು ತಿನ್ನುವುದಿಲ್ಲ, ಸಿಂಕ್ ಸೋರಿದರೆ ಅದು ಉಬ್ಬುವುದೂ ಇಲ್ಲ. ಹೀಗಿದ್ದೂ ಕೆಲವರು ಕಟ್ಟಿದ ಕಡಪವನ್ನು ಒಡೆಸಿ ಬಾಕ್ಸ್ ಹಾಕಿಸುತ್ತಿದ್ದಾರೆ. ಸುತ್ತಿಗೆ ಏಟಿಗೂ ಕೂಲಿ ಕೊಡಬೇಕು ಎಂಬುದನ್ನು ಮರೆಯಬಾರದು.

ಕಡಪಕ್ಕೂ ಮಿತಿ ಇದೆ. ಅದು ಸುಣ್ಣಕಲ್ಲಿನ ಜಾತಿ, ಹಾಗಾಗಿ ಹುಣಸೆಹುಳಿ, ನಿಂಬೆರಸ ಬಿದ್ದಲ್ಲಿ ಬಣ್ಣ ಮಂಕಾಗುತ್ತದೆ. ಖಾನೆಗೆ ಸರಿ, ಮೇಲ್ಹಾಸಿಗೆ ಗ್ರಾನೈಟೇ ಬೇಕು. ಇನ್ನೊಂದು ತೊಂದರೆ ಮೇಸ್ತ್ರಿಯ ಕೈಗುಣ. ಎರಡಡಿ ಎಂದು ಹೇಳಿದ ಖಾನೆ ಮೇಲೆ 24 ಇಂಚು, ಕೆಳಗೆ 23 ಚಿಲ್ಲರೆ ಇರುತ್ತದೆ. ಬಡಗಿ ಅಳತೆ ತೆಗೆಯಬೇಕಾದ್ದು ಟೈಲ್ಸ್ ಕೆಲಸ ಮುಗಿದ ಮೇಲೆ, ಪ್ರತಿ ಖಾನೆಗೂ ಮೇಲೆ, ನಡುವೆ, ಕೆಳಗೆ. ಕಲ್ಲಿಗೆ ನೇರವಾಗಿ ಹಿಂಜ್ ಕೂರುವುದಿಲ್ಲ. ಅಲ್ಯೂಮಿನಿಯಂ ಅಥವಾ ಮರದ ಚೌಕಟ್ಟನ್ನು ಕಲ್ಲಿಗೆ ಬಿಗಿದು ಅದರ ಮೇಲೆ ಬಾಗಿಲು ತೂಗಬೇಕು. ಡ್ರಾಯರ್ ಬೇಕೆನ್ನುವ ಒಂದೆರಡು ಖಾನೆಯ ಒಳಗೋಡೆಗೆ ಮಾತ್ರ ಪ್ಲೈ ಹಚ್ಚಿ ಚಾನೆಲ್ ಹೊಡೆಸಿದರಾಯಿತು. ಎಲ್ಲ ಖಾನೆಗೂ ಡ್ರಾಯರ್ ಬೇಕೆನ್ನುವ ಆಸೆಯೇ ಬಜೆಟ್ ಕೆಡಿಸುವುದು. ಚಮಚ, ಲೋಟ, ತಟ್ಟೆಗೆ ಡ್ರಾಯರ್ ಸುಖ. ಕುಕ್ಕರ್, ಕೊಳದಪ್ಪಲೆ, ಇಡ್ಲಿ ಪಾತ್ರೆಗೆ ಕಲ್ಲಿನ ಖಾನೆಯೇ ಗಟ್ಟಿ.

ಎಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆಗೆ ಇಲ್ಲಿ ಎಲ್ಲರೂ ಕೊಡುವ ಉತ್ತರ ದೊಡ್ಡ ಊರಿನದು. ಕಡೂರಿನವರು 40 ಕಿಲೋಮೀಟರ್ ದೂರದ ಚಿಕ್ಕಮಗಳೂರಿಗೆ ಹೋಗುತ್ತಾರೆ, ತರೀಕೆರೆಯವರು ಹೆಚ್ಚುಕಡಿಮೆ ಅಷ್ಟೇ ದೂರದ ಶಿವಮೊಗ್ಗಕ್ಕೆ. ಅಜ್ಜಂಪುರದವರಿಗೆ ಎರಡೂ ದೂರ. 2017ರ ಬಜೆಟ್‌ನಲ್ಲಿ ತಾಲ್ಲೂಕು ಎಂದು ಘೋಷಣೆಯಾದರೂ ಅಲ್ಲಿನವರು ದೊಡ್ಡ ವ್ಯಾಪಾರಕ್ಕೆ ಇನ್ನೂ ತರೀಕೆರೆ, ಬೀರೂರು, ದಾವಣಗೆರೆ ಎಂದು ಬಸ್ಸು ಹತ್ತುತ್ತಾರೆ. ಶೋರೂಮಿನಲ್ಲಿ ಕಂಪ್ಯೂಟರ್ ಪರದೆಯ ಮೇಲೆ ನಿಮ್ಮ ಅಡುಗೆಮನೆಯನ್ನು ಬಣ್ಣ ಬಣ್ಣವಾಗಿ ತಿರುಗಿಸಿ ತೋರಿಸುತ್ತಾರೆ. ಅದು ಚೆಂದ, ನೋಡಿ ಬನ್ನಿ. ಆದರೆ ಕೊಟೇಶನ್ನಿನ ಕೊನೆಯ ಪುಟವನ್ನು ಮೊದಲು ಓದಿ. ಗ್ರಾನೈಟ್, ಸಿಂಕ್, ಒಲೆ, ಚಿಮಣಿ, ಪ್ಲಂಬಿಂಗ್, ಸಾಗಾಣಿಕೆ ಇವೆಲ್ಲ ಬೇರೆ ಎಂದು ಸಣ್ಣ ಅಕ್ಷರದಲ್ಲಿ ಇರುವುದೇ ಹೆಚ್ಚು. ಜಿಎಸ್‌ಟಿ ಶೇ. 18 ಕೂಡ ಅಲ್ಲೇ ಕೂತಿರುತ್ತದೆ: 2,00,000 ರೂಪಾಯಿ ಎಂದದ್ದು 2,36,000 ಆಗುವುದು ಹೀಗೆ. ಒಬ್ಬರು ರನ್ನಿಂಗ್ ಅಡಿ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಮುಂಭಾಗದ ಚದರಡಿ, ಮತ್ತೊಬ್ಬರು ಬಾಕ್ಸಿಗಿಷ್ಟು. ಮೂವರ ದರವನ್ನು ಹಾಗೆಯೇ ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. ನಿಮ್ಮ ಕಟ್ಟೆಯ ಒಂದೇ ನಕ್ಷೆಯನ್ನು ಮೂವರಿಗೂ ಕೊಟ್ಟು, ತೆರಿಗೆ ಸೇರಿ ಒಟ್ಟು ಎಷ್ಟು ಎಂದು ಕೇಳುವುದೊಂದೇ ದಾರಿ.

ಶೋರೂಮಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅಂಚುಪಟ್ಟಿ ಅಂಟಿಸುವುದರಲ್ಲಿ ಯಂತ್ರದ ಕೆಲಸಕ್ಕೆ ಕೈಕೆಲಸ ಸಾಟಿಯಲ್ಲ. ಬಿಸಿ ಅಂಟಿನಲ್ಲಿ ಒತ್ತಿದ ಪಟ್ಟಿ ವರ್ಷಗಟ್ಟಲೆ ಬಿಡುವುದಿಲ್ಲ, ಬಡಗಿ ಕೈಯಲ್ಲಿ ಗಮ್ ಹಚ್ಚಿ ಅಂಟಿಸಿದ್ದು ಒಲೆ ಪಕ್ಕದಲ್ಲಿ ಬೇಗ ಏಳುತ್ತದೆ. ಇದಕ್ಕೂ ಉಪಾಯವಿದೆ. ಕತ್ತರಿಸುವ ಅಳತೆ ಕೊಟ್ಟರೆ ಕೂಲಿಗೆ ಕತ್ತರಿಸಿ ಅಂಚು ಹಚ್ಚಿಕೊಡುವವರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಬಾಗಿಲುಗಳನ್ನಷ್ಟೇ ಅಲ್ಲಿ ಮಾಡಿಸಿ ತಂದು ಊರಿನ ಆಚಾರರ ಕೈಯಲ್ಲಿ ಕೂರಿಸಿಕೊಳ್ಳಬಹುದು.

ಐಕಿಯಾ ಬಗ್ಗೆಯೂ ಜನ ಕೇಳುತ್ತಾರೆ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ತೆರೆದ ಆ ಮಳಿಗೆ ತುಮಕೂರು ರಸ್ತೆಯಲ್ಲೇ ಇದೆ. ಕಡೂರಿನಿಂದ ಅರಸೀಕೆರೆ, ತಿಪಟೂರು ದಾಟಿ ಹೋಗುವವರಿಗೆ ಊರೊಳಗಿನ ಟ್ರಾಫಿಕ್ಕಿಗೆ ಸಿಕ್ಕುವ ಮೊದಲೇ ಸಿಗುತ್ತದೆ. ಅಲ್ಲಿನ ಬಾಕ್ಸ್‌ಗಳು 40, 60, 80 ಸೆಂಟಿಮೀಟರಿನ ಲೆಕ್ಕದವು, ಅಡಿ ಲೆಕ್ಕದಲ್ಲಿ ಕಟ್ಟಿದ ನಮ್ಮ ಕಟ್ಟೆಗೆ ಅವನ್ನು ಹೊಂದಿಸುವುದು ತಲೆನೋವು. ಡ್ರಾಯರಿನೊಳಗೆ ಇಡುವ ತಟ್ಟೆ, ಗೋಡೆಯ ಕಂಬಿ, ಕೊಕ್ಕೆ, ನಲ್ಲಿ ಇಂಥವಕ್ಕೆ ಹೋಗಬಹುದು. ಬಾಕ್ಸಿಗೆ ಬೇಡ.

ಹಿಂಜ್, ಚಾನೆಲ್ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ದಿನಕ್ಕೆ ಹತ್ತಾರು ಸಲ ತೆರೆಯುವ ಬಾಗಿಲಿನ ಆಯುಷ್ಯ ನಿಂತಿರುವುದು ಅದರ ಕೀಲಿನ ಮೇಲೆ. ಹೆಟಿಚ್, ಹಾಫೆಲೆ, ಎಬ್ಕೊ ಇಂಥ ಹೆಸರಿನ ಸರಕು ಈಗ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಗೂ ತರಿಸಿದರೆ ಬರುತ್ತದೆ. ಈ ಹಿಂಜ್‌ಗಳ ಬಟ್ಟಲು 35 ಮಿಲಿಮೀಟರಿನದೇ ಆದ್ದರಿಂದ ಇವತ್ತು ಕಡಿಮೆ ಬೆಲೆಯದು ಹಾಕಿಸಿದವರೂ ಮುಂದೆ ಅದೇ ರಂಧ್ರಕ್ಕೆ ಒಳ್ಳೆಯದನ್ನು ಕೂರಿಸಬಹುದು. ಸಿಂಕ್ ಕೊಳ್ಳುವಾಗ ಅಂಗಡಿಯವರು ಮ್ಯಾಗ್ನೆಟ್ ಇಟ್ಟು ಅಂಟುವುದಿಲ್ಲ ನೋಡಿ, ಒರಿಜಿನಲ್ ಸ್ಟೀಲ್ ಎನ್ನುತ್ತಾರೆ. 304 ದರ್ಜೆಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಅಗ್ಗದ 202 ದರ್ಜೆಗೂ ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ. ಕಡೂರಿನ ಬೋರ್‌ವೆಲ್ ನೀರಿನ ಗಡಸಿಗೆ ಹೊಳಪಿನ ಸಿಂಕ್ ಮೇಲೆ ಬಿಳಿ ಕಲೆ ಬೇಗ ಕಾಣುತ್ತದೆ, ಮ್ಯಾಟ್ ಇದ್ದರೆ ವಾಸಿ.

ಪ್ಲೈವುಡ್‌ನಲ್ಲಿ ನಡೆಯುವಷ್ಟು ಮೋಸ ಇನ್ನೆಲ್ಲೂ ಇಲ್ಲ. ವಾಟರ್‌ಪ್ರೂಫ್ ಎಂಬ ಮಾತಿಗೆ ಅರ್ಥವಿಲ್ಲ. ಐಎಸ್ 710 ಎಂಬ ಮುದ್ರೆಗೆ ಅರ್ಥವಿದೆ, ಆ ದರ್ಜೆಯ ಅಂಟು 72 ತಾಸು ಕುದಿಯುವ ನೀರನ್ನು ತಡೆಯಬೇಕು. ಮುದ್ರೆಯ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಾರ್ಖಾನೆಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ಅಂಗಡಿಯಲ್ಲಿ ನಿಂತೇ ಗೊತ್ತಾಗುತ್ತದೆ. ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ಒಮ್ಮೆ ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ. ಸಿಂಕಿನ ಕೆಳಗೆ ಅದನ್ನು ಯಾವ ಬೆಲೆಗೂ ಹಾಕಿಸಬೇಡಿ. ಅಲ್ಲಿಗೆ ಅಲ್ಯೂಮಿನಿಯಂ ಬಾಗಿಲು ಸಾಕು, ಕಿಟಕಿ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯವರೇ ಮಾಡಿಕೊಡುತ್ತಾರೆ. ಪಿವಿಸಿ ಬೋರ್ಡಿಗೆ ನೀರು, ಗೆದ್ದಲಿನ ಭಯವಿಲ್ಲ ನಿಜ, ಸ್ಕ್ರೂ ಮಾತ್ರ ಪ್ಲೈನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಒಲೆಯ ಬಿಸಿಗೂ ಮೆತ್ತಗಾಗುತ್ತದೆ.

ಮಳೆಗಾಲದ ಲೆಕ್ಕ ಊರಿಗೊಂದು. ತರೀಕೆರೆ ಮಲೆನಾಡಿನ ಅಂಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ತೇವಕ್ಕೆ ಮರ ಹಿಗ್ಗುತ್ತದೆ, ಬಾಗಿಲುಗಳ ನಡುವೆ ಸಂದು ಬಿಟ್ಟೇ ಕೂರಿಸಬೇಕು. ಬಾಗಿಲಿನ ಒಳಮೈಗೂ ಲ್ಯಾಮಿನೇಟ್ ಇರಬೇಕು, ಒಂದೇ ಮೈಗೆ ಹಚ್ಚಿದರೆ ಬಾಗಿಲು ಬಾಗುತ್ತದೆ. ಅಜ್ಜಂಪುರದ ಸುತ್ತಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದು. ಹೊಸ ಮನೆ ಒಂದು ಮಳೆ, ಒಂದು ಬೇಸಿಗೆ ಕಂಡ ಮೇಲೆ ಬಾಗಿಲು ಕೂರಿಸಿದರೆ ಲೆವೆಲ್ ತಪ್ಪುವ ಗೋಳು ಕಡಿಮೆ. ಅಷ್ಟು ದಿನ ಪರದೆ ಇಳಿಬಿಟ್ಟುಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಈಗ ಎತ್ತರದ ಮಾತು. ಹಿತ್ತಿಲಿನ ಎರಡನೇ ಅಡುಗೆಮನೆ ಹುಟ್ಟುವುದು ಇಲ್ಲಿಂದಲೇ ಎಂದು ನನ್ನ ಅಂದಾಜು. ಶೋರೂಮಿನವರ ಕಟ್ಟೆ 34 ಇಂಚು, ಯುರೋಪಿನ ಅಳತೆಯದಾದರೆ 36. ಅದರ ಮೇಲೆ ಗ್ಯಾಸ್ ಒಲೆ ಐದು ಇಂಚು, ಮುದ್ದೆ ಪಾತ್ರೆ ಎಂಟು ಇಂಚು. ಪಾತ್ರೆಯ ಬಾಯಿ 47 ಇಂಚಿಗೆ ಹೋಯಿತು. ಐದಡಿ ಎತ್ತರದ ಹೆಂಗಸಿನ ಭುಜ ಸುಮಾರು 49 ಇಂಚು. ಭುಜದ ಮಟ್ಟದಲ್ಲಿ ಕೋಲು ಹಿಡಿದು ರಾಗಿ ಹಿಟ್ಟನ್ನು ಒತ್ತಿ ತಿರುವಲು ಯಾರಿಂದಾದೀತು? ಮುದ್ದೆಗೆ ಮೈಭಾರ ಮೇಲಿನಿಂದ ಬೀಳಬೇಕು. ಒಲೆ ಇಡುವ ಮೂರಡಿ ಭಾಗವನ್ನು 28 ಇಂಚಿಗೆ ಇಳಿಸಿ ಕಟ್ಟಿಸಿದರೆ ಪಾತ್ರೆಯ ಬಾಯಿ 41ಕ್ಕೆ ಬರುತ್ತದೆ, ಕೆಲಸ ಆಗುತ್ತದೆ. ಕಲ್ಲಿನ ಕಟ್ಟೆಯಲ್ಲಿ ಇದಕ್ಕೆ ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಸಾಕು, ಒಂದೇ ಅಳತೆಯ ಬಾಕ್ಸ್ ಸಾಲಿನಲ್ಲಿ ಇದನ್ನು ಮಾಡಿಸಲು ಹೋದರೆ ಸ್ಪೆಷಲ್ ಆರ್ಡರ್, ಸ್ಪೆಷಲ್ ಬೆಲೆ. ನಕ್ಷೆ ಹಾಕುವಾಗ ಗಂಡಸರು, ಇಂಜಿನಿಯರು, ಶೋರೂಮಿನ ಹುಡುಗ ಮೂವರೇ ಕೂತು ತೀರ್ಮಾನಿಸುವ ಚಾಳಿ ನಿಲ್ಲದೆ ಈ ಆರು ಇಂಚು ಇಳಿಯುವುದಿಲ್ಲ.

ಆದ್ದರಿಂದ ನನ್ನ ತೀರ್ಪು ಕಡಪ, ಗ್ರಾನೈಟ್, ಅಲ್ಯೂಮಿನಿಯಂ, ಕೂಲಿ ಇವು ಊರಿನಲ್ಲಿ, ಕೀಲು, ಚಾನೆಲ್, ಯಂತ್ರದ ಅಂಚಿನ ಬಾಗಿಲು ಹೊರಗಿನಿಂದ ಎಂದು. ಊರಿನ ಬಡಗಿಯ ದೌರ್ಬಲ್ಯ ನನಗೆ ಗೊತ್ತಿಲ್ಲದ್ದಲ್ಲ. ಹದಿನೈದು ದಿನ ಎಂದವರು ಮೂರು ತಿಂಗಳು ಎಳೆಯುತ್ತಾರೆ, ಅಡಿಕೆ ಕೊಯ್ಲು, ಜಾತ್ರೆ, ಮದುವೆ ಎಂದು ನಡುವೆ ಕಾಣೆಯಾಗುತ್ತಾರೆ, ಕೊಟೇಶನ್ ಕೇಳಿದರೆ ಸಿಗರೇಟು ಪ್ಯಾಕಿನ ಹಿಂದೆ ಬರೆಯುತ್ತಾರೆ. ಆದರೂ ಐದು ವರ್ಷದ ಮೇಲೆ ಬಾಗಿಲು ಜೋತುಬಿದ್ದಾಗ ಸಂತೆಯಲ್ಲಿ ಎದುರು ಸಿಗುವುದು ಅವರೇ. ದೂರದ ಕಂಪನಿಯ ವಾರಂಟಿ ಕಾಗದದಲ್ಲಿ ನೀರಿನಿಂದಾದ ಹಾನಿ ಸೇರಿಲ್ಲ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಅಡುಗೆಮನೆಯ ಮಟ್ಟಿಗೆ ಅದು ವಾರಂಟಿಯೇ ಅಲ್ಲ.

ಯಾರಿಗೇ ಕೆಲಸ ಕೊಡಿ, ಅಡ್ವಾನ್ಸ್ ಅರ್ಧ ದಾಟಬಾರದು, ಕೊನೆಯ ಕಂತು ಎಲ್ಲ ಬಾಗಿಲು ತೆರೆದು ಮುಚ್ಚಿ ನೋಡಿದ ಮೇಲೆ. ಪ್ಲೈನ ದರ್ಜೆ, ಹಿಂಜಿನ ಹೆಸರು, ಮುಗಿಸುವ ದಿನ ಇವು ಕಾಗದದಲ್ಲಿರಲಿ, ಜಿಎಸ್‌ಟಿ ಉಳಿಸುವ ಆಸೆಗೆ ಬಿಲ್ ಬಿಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಬೆಂಗಳೂರಿನದೇ ಆಗಿರಲಿ, ದೂರುದಾರ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಚಿಕ್ಕಮಗಳೂರಿನಲ್ಲೇ, ದಾವೆ ಹೂಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಅದಕ್ಕೆ ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.