ರೋಮನ್ ಬೆಳ್ಳಿನಾಣ್ಯಗಳ ಮುಖಚಿತ್ರಗಳು

ದೇನಾರಿಯಸ್ ಎಂಬ ರೋಮನ್ ಬೆಳ್ಳಿನಾಣ್ಯದ ಮೇಲಿರುವ ಮುಖಗಳನ್ನು ಆಯಾ ಚಕ್ರವರ್ತಿಗಳ ಯಥಾರ್ಥ ಪ್ರತಿಕೃತಿಗಳೆಂದು ಭಾವಿಸುವ ವಾಡಿಕೆಯುಂಟು. ಇದಕ್ಕೆ ಕಾರಣವಿಲ್ಲದಿಲ್ಲ. ನಾಣ್ಯದಲ್ಲಿ ಮುಖದ ಸುತ್ತಲೂ ಹೆಸರಿರುವುದು. ಹೆಸರಿಲ್ಲದ ಶಿಲಾಪ್ರತಿಮೆಗಳನ್ನು ಗುರುತಿಸಲು ಅದೇ ಮುಖ್ಯಾಧಾರ. ಆದರೆ ಇವನು ಯಾರೆಂಬುದು ಒಂದು ಪ್ರಶ್ನೆ, ಹೇಗಿದ್ದನೆಂಬುದು ಇನ್ನೊಂದು. ಮೊದಲನೆಯದಕ್ಕೆ ನಾಣ್ಯವು ನಂಬತಕ್ಕ ಸಾಕ್ಷಿ. ಎರಡನೆಯದಕ್ಕೆ ಅಷ್ಟಾಗಿ ಅಲ್ಲ.

ಬದುಕಿರುವವನ ಮುಖವನ್ನು ರೋಮಿನ ಟಂಕಸಾಲೆಯು ನಾಣ್ಯಕ್ಕಿಳಿಸಿದುದು ಕ್ರಿ. ಪೂ. 44ರಲ್ಲಿ, ಜೂಲಿಯಸ್ ಸೀಸರನ ಕಡೆಯ ದಿನಗಳಲ್ಲಿ. ಅರಸುತನದ ಗುರುತೆಂದು ಅದು ಹಲವರ ಕಣ್ಣಿಗೆ ಮುಳ್ಳಾಯಿತು. ಆದರೂ ಅವನನ್ನು ಕೊಂದ ಬ್ರೂಟಸನು ಬಳಿಕ ಹೊರಡಿಸಿದ ನಾಣ್ಯದ ಒಂದು ಪಕ್ಕದಲ್ಲಿ ಎರಡು ಕಠಾರಿಗಳೂ ಅವುಗಳ ನಡುವೆ ದಾಸ್ಯವಿಮೋಚನೆಯ ಟೊಪ್ಪಿಗೆಯೂ ಇವೆ. ಮತ್ತೊಂದು ಪಕ್ಕದಲ್ಲಿ ಅವನದೇ ಮುಖ! ಮುಖಚಿತ್ರವು ಆಗಲೇ ಅಧಿಕಾರದ ಭಾಷೆಯಾಗಿದ್ದಿತು.

ಆ ಭಾಷೆಯನ್ನು ಪೂರ್ಣವಾಗಿ ಬಲ್ಲವನು ಅಗಸ್ಟಸನು. ಎಪ್ಪತ್ತೈದು ವರ್ಷ ಬಾಳಿ ಕ್ರಿ. ಶ. 14ರಲ್ಲಿ ಮಡಿದ ಅವನ ಮುಖವು ನಾಣ್ಯಗಳಲ್ಲಿ ಎಂದಿಗೂ ಮುಪ್ಪಾಗಲಿಲ್ಲ. ಬೆಳ್ಳಿ ಮಾತ್ರ ಹೆಚ್ಚುಕಡಮೆ ಅಪ್ಪಟವಾಗಿತ್ತು. ನೀರೋವಿನಲ್ಲಿ ಇದು ತಲೆಕೆಳಗಾಯಿತು. ಅವನ ಮುಖವು ವರ್ಷವರ್ಷಕ್ಕೂ ಕೊಬ್ಬಿದುದನ್ನು ಕೆತ್ತನೆಗಾರರು ಮರೆಮಾಡಲಿಲ್ಲ; ಆದರೆ 64ರ ಸುಮಾರಿಗೆ ನಾಣ್ಯದ ತೂಕವು ತಗ್ಗಿ, ಬೆಳ್ಳಿಯಲ್ಲಿ ತಾಮ್ರದ ಬೆರಕೆ ಹೆಚ್ಚಿತು.

ಹಾಗಾದರೆ ವಾಸ್ತವವಾಗಿ ಕಾಣುವ ಮುಖವನ್ನಾದರೂ ನಂಬಬಹುದೆ? 69ರಲ್ಲಿ ಪಟ್ಟವೇರಿದ ವೆಸ್ಪೇಸಿಯನ್ನನ ಬೋಳುತಲೆ, ಸುಕ್ಕುಗಟ್ಟಿದ ಹಣೆ, ದಪ್ಪ ಕೊರಳುಗಳು ನಿಜವೆಂದೇ ತೋರುವುವು. ಆದರೆ ನೀರೋವಿನ ವಿಲಾಸದಿಂದ ಬೇಸತ್ತ ಪ್ರಜೆಗಳಿಗೆ, ದುಡಿದು ಹಣ್ಣಾದ ಸರಳ ದಳಪತಿಯೊಬ್ಬನು ಬಂದನೆಂದು ಸಾರುವುದಕ್ಕೂ ಅದೇ ಮುಖವು ಒದಗಿತು. ಸುಕ್ಕುಗಳೂ ಅಲಂಕಾರವಾಗಬಲ್ಲುವು.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸರ ದೇನಾರಿಯಸ್‌ಗಳು ದೊರೆತಿವೆ. ದಕ್ಷಿಣಭಾರತದಲ್ಲಿ ಸಿಕ್ಕಿರುವ ಈ ಜಾತಿಯ ನಾಣ್ಯಗಳಲ್ಲಿ ಈ ಇಬ್ಬರವೇ ಹೆಚ್ಚು. ನೀರೋವಿನ ಬೆರಕೆಯ ಬೆಳ್ಳಿ ವಿರಳ. ಇಲ್ಲಿಯ ವರ್ತಕರು ಮುಖಕ್ಕಿಂತ ಬೆಳ್ಳಿಯನ್ನೇ ನೋಡಿ ಬೆಲೆಕಟ್ಟಿದರೆಂದು ತೋರುವುದು.

ಶಾಸನಗಳ ಬಿರುದಾವಳಿಯನ್ನು ಓದಿ ಬಲ್ಲವರಿಗೆ ಈ ವಿವೇಕವು ಹೊಸದಲ್ಲ. ಪ್ರಶಸ್ತಿಯಲ್ಲಿ ಪ್ರತಿಯೊಬ್ಬ ಅರಸನೂ ರೂಪದಲ್ಲಿ ಮನ್ಮಥನೇ. ಅದರಿಂದ ಅವನ ರೂಪು ತಿಳಿಯದು, ಅವನು ಬಯಸಿದ ಕೀರ್ತಿಯು ತಿಳಿಯುವುದು. ನಾಣ್ಯದ ಮುಖವೂ ಲೋಹದಲ್ಲಿ ಬರೆದ ಪ್ರಶಸ್ತಿಯೇ. ಅದನ್ನು ಹಾಗೆಂದು ಓದಿದಲ್ಲಿ ಅದರ ಬೆಲೆಯು ಕುಂದುವುದಿಲ್ಲ, ಹೆಚ್ಚುವುದು.